ಬೇಡ ಎನ್ನಬಲ್ಲ ಭಾಷೆ

ಯಾವ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಬೇಕೆಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿದಾಗ ನಾವು ಹಿರಿಯರು ಸಾಮಾನ್ಯವಾಗಿ ಆಯಾ ಭಾಷೆಯಲ್ಲಿ ಏನೇನು ಮಾಡಬಹುದೆಂಬ ಪಟ್ಟಿಯನ್ನೇ ಮುಂದಿಡುತ್ತೇವೆ: ಇದರಲ್ಲಿ ವೆಬ್‌ಸೈಟ್ ಕಟ್ಟಬಹುದು, ಅದರಲ್ಲಿ ಮೊಬೈಲ್ ಆ್ಯಪ್ ಬರೆಯಬಹುದು, ಮತ್ತೊಂದರಲ್ಲಿ ದತ್ತಾಂಶ ವಿಶ್ಲೇಷಣೆ ಸುಲಭ. ಈ ಉತ್ತರ ಸುಳ್ಳಲ್ಲ. ಆದರೆ ಅದು ಭಾಷೆಯ ಸುತ್ತ ಬೆಳೆದ ಲೈಬ್ರರಿಗಳನ್ನು, ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳನ್ನು ಕುರಿತ ಉತ್ತರವೇ ಹೊರತು ಭಾಷೆಯನ್ನು ಕುರಿತದ್ದಲ್ಲ. ಬಳಕೆಯಲ್ಲಿರುವ ಒಂದು ಭಾಷೆಯಲ್ಲಿ ಮಾಡಬಹುದಾದ ಲೆಕ್ಕವನ್ನೆಲ್ಲ ಇನ್ನೊಂದರಲ್ಲಿಯೂ ಮಾಡಬಹುದೆಂಬುದು, 1936ರಲ್ಲಿ ಅಲೊಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ ಹಾಕಿಕೊಟ್ಟ ತಳಹದಿಯ ಮೇಲೆ ನಿಂತಿರುವ ಹಳೆಯ ತಿಳಿವಳಿಕೆ. ಹಾಗಾಗಿ ಎರಡು ಭಾಷೆಗಳ ನಡುವಿನ ಅಂತರವನ್ನು ತಿಳಿಯಬೇಕಾದರೆ, ಅವು ಬರೆಯುವವನನ್ನು ಎಲ್ಲಿ ತಡೆಯುತ್ತವೆ ಎಂಬುದನ್ನು ನೋಡಬೇಕು. ಪ್ರೋಗ್ರಾಮಿಂಗ್ ಭಾಷೆಗಳ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ನಾನು ಈ ಒಂದು ಕಿಂಡಿಯಿಂದ ನೋಡಲು ಬಯಸುತ್ತೇನೆ.

ಆರಂಭದ ಕಥೆ ಎಲ್ಲರಿಗೂ ಗೊತ್ತಿರುವುದೇ. ಜಾನ್ ಬ್ಯಾಕಸ್ ಅವರ ತಂಡ 1957ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ಭಾಷೆಯ ಕಂಪೈಲರನ್ನು, ಎಂದರೆ ಮನುಷ್ಯ ಬರೆದದ್ದನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಪ್ರೋಗ್ರಾಮನ್ನು ಹೊರತಂದಾಗ, ಯಂತ್ರದ ಒಂದೊಂದು ಆದೇಶವನ್ನೂ ಕೈಯಾರೆ ಬರೆಯುತ್ತಿದ್ದವರು ಅದನ್ನು ಸಂಶಯದಿಂದಲೇ ಬರಮಾಡಿಕೊಂಡರು. ತಾವು ಬರೆದಷ್ಟು ಚುರುಕಾದ ಆದೇಶಗಳನ್ನು ಇನ್ನೊಂದು ಪ್ರೋಗ್ರಾಂ ಹುಟ್ಟಿಸಬಲ್ಲುದೇ ಎಂಬುದು ಅವರ ಪ್ರಶ್ನೆಯಾಗಿತ್ತು. ಬ್ಯಾಕಸ್ ಅವರ ತಂಡ ತನ್ನ ಶ್ರಮದ ದೊಡ್ಡ ಪಾಲನ್ನು ಈ ಸಂಶಯವನ್ನು ನೀಗುವುದಕ್ಕೇ ಮೀಸಲಿಟ್ಟಿತು. ಯಂತ್ರದ ಯಾವ ರಿಜಿಸ್ಟರಿನಲ್ಲಿ (ಲೆಕ್ಕದ ಸಂಖ್ಯೆಗಳನ್ನು ಇಡುವ ಪುಟ್ಟ ಗೂಡಿನಲ್ಲಿ) ಯಾವ ಸಂಖ್ಯೆ ಇರಬೇಕೆಂಬುದನ್ನು ನಿರ್ಧರಿಸುವ ಹಕ್ಕನ್ನು ಪ್ರೋಗ್ರಾಮರ್ ಬಿಟ್ಟುಕೊಟ್ಟ. ಅದಕ್ಕೆ ಪ್ರತಿಯಾಗಿ ಗಣಿತದ ಸೂತ್ರವನ್ನು ಸೂತ್ರದಂತೆಯೇ ಬರೆಯುವ ಅನುಕೂಲ ಅವನಿಗೆ ದಕ್ಕಿತು. ಮುಂದೆ ನಡೆದ ಬಹುತೇಕ ವ್ಯಾಪಾರಗಳೂ ಇದೇ ಬಗೆಯವು, ಮತ್ತು ಪ್ರತಿ ಸಲವೂ ಬಿಟ್ಟುಕೊಡಲು ಒಪ್ಪದವರು ಆ ಕಾಲದ ನುರಿತ ಕೈಗಳೇ ಆಗಿದ್ದರು ಎಂಬುದನ್ನು ನೆನಪಿನಲ್ಲಿಡಬೇಕು. ಅವರನ್ನು ಹಿಂದುಳಿದವರೆಂದು ನಗೆಯಾಡುವುದು ತರವಲ್ಲ. ಅವರು ಕಳೆದುಕೊಳ್ಳುತ್ತಿದ್ದ ಕೌಶಲ ನಿಜವಾದದ್ದೇ ಆಗಿತ್ತು.

ಮುಂದಿನ ಜಗಳ ಗೋಟೂ ಎಂಬ ಆದೇಶದ ಸುತ್ತ ನಡೆಯಿತು. ಪ್ರೋಗ್ರಾಮಿನ ಯಾವ ಸಾಲಿನಿಂದ ಯಾವ ಸಾಲಿಗಾದರೂ ಜಿಗಿಯಲು ಬಿಡುವ ಈ ಆದೇಶ ಅಪಾಯಕಾರಿಯೆಂದು ಎಡ್ಸ್‌ಗರ್ ಡೈಕ್‌ಸ್ಟ್ರಾ 1968ರ ಮಾರ್ಚಿನಲ್ಲಿ ಪ್ರಕಟವಾದ ಒಂದು ಚಿಕ್ಕ ಪತ್ರದಲ್ಲಿ ವಾದಿಸಿದರು. ಅವರ ವಾದದ ತಿರುಳು ಸರಳವಾಗಿತ್ತು: ಓದುಗನ ಕಣ್ಣ ಮುಂದಿರುವುದು ನಿಂತ ಬರಹ, ಯಂತ್ರದಲ್ಲಿ ನಡೆಯುವುದು ಹರಿಯುವ ಕ್ರಿಯೆ, ಇವೆರಡರ ನಡುವಿನ ದೂರ ಕಡಿಮೆಯಿದ್ದಷ್ಟೂ ಮನುಷ್ಯನ ಬುದ್ಧಿ ಆ ಕ್ರಿಯೆಯನ್ನು ಹಿಂಬಾಲಿಸಬಲ್ಲದು. ಡೊನಾಲ್ಡ್ ಕನೂತ್ ಅವರಂಥವರು 1974ರಲ್ಲಿ, ಗೋಟೂ ಇಲ್ಲದೆ ತೊಡಕಾಗುವ ಸಂದರ್ಭಗಳನ್ನು ಎತ್ತಿ ತೋರಿಸಿ ವಿವೇಕದ ಮಾತುಗಳನ್ನಾಡಿದರು. ಆದರೂ ಕಾಲ ಡೈಕ್‌ಸ್ಟ್ರಾ ಕಡೆಗೇ ವಾಲಿತು. 1995ರಲ್ಲಿ ಬಂದ ಜಾವಾ ಭಾಷೆ ‘ಗೋಟೂ’ ಎಂಬ ಪದವನ್ನು ಕಾದಿರಿಸಿಕೊಂಡಿದೆಯಾದರೂ ಅದಕ್ಕೆ ಯಾವ ಕೆಲಸವನ್ನೂ ಕೊಟ್ಟಿಲ್ಲ. ಬಳಸಿದರೆ ಕಂಪೈಲರ್ ತಪ್ಪೆಂದು ಹೇಳುತ್ತದೆ, ಅಷ್ಟೆ. ಒಂದು ಪದವನ್ನು ಯಾರೂ ಬಳಸದಿರಲೆಂದೇ ನಿಘಂಟಿನಲ್ಲಿ ಇಟ್ಟುಕೊಂಡ ಭಾಷೆ ಎಂದು ನನಗೆ ಅದರ ಮೇಲೆ ಸ್ವಲ್ಪ ಪ್ರೀತಿಯಿದೆ.

ಈಗ ಮೆಮೊರಿಯ ವಿಷಯಕ್ಕೆ ಬರೋಣ. ಇದನ್ನು ಅರ್ಥ ಮಾಡಿಕೊಳ್ಳದೆ ಇಂದಿನ ಸಾಫ್ಟ್‌ವೇರನ್ನು ಅರ್ಥ ಮಾಡಿಕೊಳ್ಳಲಾಗದು. ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಸಿ ಭಾಷೆಯನ್ನು ರೂಪಿಸಿದರು. 1973ರಲ್ಲಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಅದರಲ್ಲಿಯೇ ಮತ್ತೆ ಬರೆಯಲಾಯಿತು. ಅಂದಿನ ಪಿಡಿಪಿ-11 ಯಂತ್ರಗಳ ಮೆಮೊರಿಯನ್ನು ಕಿಲೋಬೈಟ್‌ಗಳಲ್ಲಿ ಎಣಿಸುತ್ತಿದ್ದರು. ಅಂಥ ಯಂತ್ರದಲ್ಲಿ, ಒಂದು ಅರೇಯ (ಸಾಲಾಗಿ ಜೋಡಿಸಿಟ್ಟ ಮೌಲ್ಯಗಳ ಪಟ್ಟಿಯ) ಹತ್ತನೆಯ ಸ್ಥಾನವನ್ನು ಕೇಳಿದಾಗಲೆಲ್ಲ ಆ ಅರೇಯಲ್ಲಿ ಹತ್ತು ಸ್ಥಾನಗಳಿವೆಯೇ ಎಂದು ಪರೀಕ್ಷಿಸುತ್ತ ಕೂರುವುದು ದುಬಾರಿಯ ಮಾತಾಗಿತ್ತು. ಆದ್ದರಿಂದ ಸಿ ಪರೀಕ್ಷಿಸುವುದಿಲ್ಲ. ಪ್ರೋಗ್ರಾಮರಿಗೆ ತಾನು ಏನು ಮಾಡುತ್ತಿದ್ದೇನೆಂಬ ಅರಿವಿದೆ ಎಂದು ಅದು ನಂಬುತ್ತದೆ. ಅಂದಿನ ಕೋಣೆಯಲ್ಲಿದ್ದವರನ್ನು ನೋಡಿದರೆ ಆ ನಂಬಿಕೆ ತಪ್ಪಾಗಿರಲಿಲ್ಲ. ಆದರೆ ಅದೇ ಭಾಷೆ ಮುಂದೆ ಲೋಕದ ಮೂಲೆಮೂಲೆಯ ಯಂತ್ರಗಳಿಗೆ ಹಬ್ಬಿತು, ಆ ಯಂತ್ರಗಳು ಒಂದಕ್ಕೊಂದು ಬೆಸೆದುಕೊಂಡವು, ಅಪರಿಚಿತರು ಕಳಿಸಿದ ಮಾಹಿತಿಯನ್ನು ಓದತೊಡಗಿದವು.

1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಎಂದು ಹೆಸರಾದ ಪ್ರೋಗ್ರಾಂ ಅಂದಿನ ಇಂಟರ್ನೆಟ್ಟನ್ನು ತತ್ತರಗೊಳಿಸಿದಾಗ ಅದು ಬಳಸಿದ ದಾರಿಗಳಲ್ಲಿ ಒಂದು, ಸಿ ಭಾಷೆಯ ‘ಗೆಟ್ಸ್’ ಎಂಬ ಫಂಕ್ಷನ್. ಒಂದು ಸಾಲನ್ನು ಓದಿ ಮೆಮೊರಿಯಲ್ಲಿ ಇಡುವುದು ಅದರ ಕೆಲಸ. ಎಷ್ಟು ಜಾಗವಿದೆಯೆಂದು ಅದಕ್ಕೆ ತಿಳಿಸುವ ಉಪಾಯವೇ ಇರಲಿಲ್ಲ. ಎದುರಿನವರು ಜಾಗಕ್ಕಿಂತ ಉದ್ದವಾದ ಸಾಲನ್ನು ಕಳಿಸಿದರೆ ಅದು ಪಕ್ಕದ ಜಾಗದ ಮೇಲೆ ಹರಿದು ಪ್ರೋಗ್ರಾಮಿನ ಮುಂದಿನ ನಡೆಯನ್ನೇ ಬದಲಿಸಬಲ್ಲದು. ಈ ಫಂಕ್ಷನ್ನನ್ನು ಸಿ ಭಾಷೆಯ ಪ್ರಮಾಣಿತ ರೂಪದಿಂದ ಕಿತ್ತುಹಾಕಿದ್ದು 2011ರಲ್ಲಿ, ಎಂದರೆ ಇಪ್ಪತ್ತಮೂರು ವರ್ಷಗಳ ನಂತರ. ಆ ಹೊತ್ತಿಗೆ 2014ರಲ್ಲಿ ಬೆಳಕಿಗೆ ಬರಲಿದ್ದ ಹಾರ್ಟ್‌ಬ್ಲೀಡ್ ದೋಷಕ್ಕೆ ಕಾರಣವಾಗುವ ಸಾಲುಗಳನ್ನು ಬರೆಯುವ ಕಾಲವೂ ಹತ್ತಿರವಾಗಿತ್ತು. ಇಂಟರ್ನೆಟ್ ಸಂವಹನವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯ 2012ರ ಆವೃತ್ತಿಯಲ್ಲಿ ಬಂದ ಆ ದೋಷದಿಂದಾಗಿ, ನಾಲ್ಕಾರು ಅಕ್ಷರಗಳನ್ನು ಕಳಿಸಿ ‘ನಾನು 64 ಕಿಲೋಬೈಟ್ ಕಳಿಸಿದ್ದೇನೆ, ಅಷ್ಟನ್ನೇ ಹಿಂದಿರುಗಿಸು’ ಎಂದರೆ ಸರ್ವರ್ ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದ ಪಾಸ್‌ವರ್ಡು, ಗುಪ್ತ ಕೀಲಿಗಳನ್ನೂ ಸೇರಿಸಿ ಕಳಿಸಿಬಿಡುತ್ತಿತ್ತು. ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70 ಪ್ರತಿಶತ ಮೆಮೊರಿಗೆ ಸಂಬಂಧಿಸಿದವೆಂದು ಹೇಳಿತು. ಮರುವರ್ಷ ಕ್ರೋಮ್ ಬ್ರೌಸರಿನ ತಂಡವೂ ತನ್ನ ಗಂಭೀರ ದೋಷಗಳ ಬಗ್ಗೆ ಹೆಚ್ಚು ಕಡಿಮೆ ಅದೇ ಅಂಕಿಯನ್ನು ಕೊಟ್ಟಿತು. ಇವು ಲೋಕದ ಅತ್ಯುತ್ತಮ ಸಿ ಮತ್ತು ಸಿ++ ಪ್ರೋಗ್ರಾಮರುಗಳಿರುವ ಸಂಸ್ಥೆಗಳು. ಎಚ್ಚರಿಕೆಯಿಂದ ಬರೆದರೆ ಸಾಕು ಎನ್ನುವವರು ಈ ಅಂಕಿಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಮೆಮೊರಿಯ ಮೇಲಿನ ಹಿಡಿತವನ್ನು ಮನುಷ್ಯನಿಂದ ತೆಗೆದುಕೊಳ್ಳುವ ಒಂದು ದಾರಿ ಬಹಳ ಹಿಂದೆಯೇ ಗೊತ್ತಿತ್ತು. ಜಾನ್ ಮೆಕಾರ್ಥಿ 1950ರ ದಶಕದ ಕೊನೆಯಲ್ಲಿ ಲಿಸ್ಪ್ ಭಾಷೆಗಾಗಿ ರೂಪಿಸಿದ ಗಾರ್ಬೇಜ್ ಕಲೆಕ್ಷನ್ ಎಂಬ ವಿಧಾನದಲ್ಲಿ, ಬಳಕೆ ಮುಗಿದ ಮೆಮೊರಿಯನ್ನು ಹುಡುಕಿ ಹಿಂಪಡೆಯುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಎಲ್ಲವೂ ಈ ಆರಾಮವನ್ನು ಕೊಡುತ್ತವೆ. ಅದರ ಬೆಲೆಯಾಗಿ ಒಂದಿಷ್ಟು ಮೆಮೊರಿಯನ್ನೂ ಸಮಯವನ್ನೂ ಪಡೆಯುತ್ತವೆ. ಕಾರ್ಯಾಚರಣ ವ್ಯವಸ್ಥೆಯನ್ನೋ ಬ್ರೌಸರನ್ನೋ ಬರೆಯುವವರಿಗೆ ಆ ಬೆಲೆ ಒಪ್ಪಿಗೆಯಾಗಲಿಲ್ಲ. ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿ, ಮೊಜಿಲ್ಲಾ ಸಂಸ್ಥೆಯ ಆಶ್ರಯದಲ್ಲಿ ಬೆಳೆದು, 2015ರ ಮೇ 15ರಂದು 1.0 ಆವೃತ್ತಿಯಾಗಿ ಹೊರಬಂದ ರಸ್ಟ್ ಭಾಷೆ ಇನ್ನೊಂದು ದಾರಿಯನ್ನು ಹಿಡಿಯಿತು. ಸರ್ಕಾರಿ ಕಚೇರಿಯ ಕಡತವನ್ನು ನೆನೆಸಿಕೊಳ್ಳಿ: ಬರೀ ಓದುವುದಾದರೆ ಹತ್ತು ಜನ ಒಟ್ಟಿಗೆ ನೋಡಬಹುದು, ಆದರೆ ಒಬ್ಬರು ಟಿಪ್ಪಣಿ ಬರೆಯಲು ಕೈಗೆತ್ತಿಕೊಂಡರೆ ಅದು ಮರಳುವ ತನಕ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ, ಮತ್ತು ಯಾವ ಹೊತ್ತಿನಲ್ಲಿಯೂ ಅದಕ್ಕೆ ಒಬ್ಬನೇ ಜವಾಬ್ದಾರ. ರಸ್ಟ್ ಕಂಪೈಲರ್ ಮೆಮೊರಿಯ ಪ್ರತಿ ತುಣುಕಿಗೂ ಈ ನಿಯಮವನ್ನು ಹೇರುತ್ತದೆ. ಪ್ರೋಗ್ರಾಂ ಓಡುವ ಮುನ್ನವೇ, ಬರಹವನ್ನು ಓದಿಯೇ, ನಿಯಮ ಮುರಿದ ಸಾಲನ್ನು ಗುರುತಿಸಿ ಮುಂದೆ ಹೋಗಲು ನಿರಾಕರಿಸುತ್ತದೆ. ಹೊಸದಾಗಿ ಕಲಿಯುವವರಿಗೆ ಇದು ತಲೆನೋವೆಂಬುದು ನಿಜ. ಹಲವು ವರ್ಷ ಬೇರೆ ಭಾಷೆಗಳಲ್ಲಿ ಪಳಗಿದವರಿಗೆ ಇನ್ನೂ ಹೆಚ್ಚಿನ ತಲೆನೋವು.

ಅದರ ಫಲವನ್ನು ಆಂಡ್ರಾಯ್ಡ್ ಯೋಜನೆಯಲ್ಲಿ ಅಳೆದು ನೋಡಲಾಗಿದೆ. ಗೂಗಲ್ 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ ಮೆಮೊರಿಗೆ ಸಂಬಂಧಿಸಿದವುಗಳ ಪಾಲು 2019ರಲ್ಲಿ 76 ಪ್ರತಿಶತವಿದ್ದದ್ದು 24 ಪ್ರತಿಶತಕ್ಕೆ ಇಳಿಯಿತು. ಹಳೆಯ ಕೋಡನ್ನು ಅವರು ಸಾರಾಸಗಟಾಗಿ ಮತ್ತೆ ಬರೆಯಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಹೊಸದಾಗಿ ಬರೆಯುವುದನ್ನು ಮಾತ್ರ ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತ ಹೋದರು. ದೋಷಗಳು ಹೆಚ್ಚಾಗಿ ಹೊಸ ಕೋಡಿನಲ್ಲಿ ಹುಟ್ಟುವುದರಿಂದ, ಹಳೆಯದು ಕಾಲ ಕಳೆದಂತೆ ಶೋಧಿಸಿ ಸರಿಹೋಗುತ್ತ ಬರುವುದರಿಂದ, ಅಷ್ಟೇ ಸಾಕಾಯಿತು. ‘ಎಲ್ಲವನ್ನೂ ಮೊದಲಿನಿಂದ ಬರೆಯೋಣ’ ಎಂದು ಹಟ ಹಿಡಿಯುವ ಯುವ ಡೆವಲಪರುಗಳಿಗೆ ನಾನು ಈ ಅಂಕಿಯನ್ನು ಮತ್ತೆ ಮತ್ತೆ ತೋರಿಸುತ್ತೇನೆ.

ಭಾಷೆ ಬೇಡವೆಂದರೂ ಮನುಷ್ಯ ಕೇಳದಿದ್ದರೆ? ಇದಕ್ಕೆ 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಮೇಲೇರಿದ ಏರಿಯಾನ್-5 ರಾಕೆಟ್ಟಿನ ಮೊದಲ ಹಾರಾಟಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ನಾಲ್ಕು ಉಪಗ್ರಹಗಳನ್ನು ಹೊತ್ತ ಆ ರಾಕೆಟ್ ಸುಮಾರು ನಲವತ್ತು ಸೆಕೆಂಡುಗಳಲ್ಲಿ ದಾರಿ ತಪ್ಪಿ ಸಿಡಿಯಿತು. ಅದರ ದಿಕ್ಕನ್ನು ಅಳೆಯುವ ಕಂಪ್ಯೂಟರಿನ ಪ್ರೋಗ್ರಾಂ ಏಡಾ ಭಾಷೆಯಲ್ಲಿತ್ತು. ಸುರಕ್ಷತೆಯನ್ನೇ ಗುರಿಯಾಗಿಟ್ಟು ರೂಪಿಸಿದ ಕಟ್ಟುನಿಟ್ಟಿನ ಭಾಷೆ ಅದು. ಅಡ್ಡಡ್ಡಲಾಗಿ ಸಾಗುವ ವೇಗಕ್ಕೆ ಸಂಬಂಧಿಸಿದ ಒಂದು 64 ಬಿಟ್ ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸಲಾರದಷ್ಟು ದೊಡ್ಡದಾಯಿತು. ಏಡಾ ಅದನ್ನು ಸುಮ್ಮನೆ ಬಿಡಲಿಲ್ಲ, ತಪ್ಪಾಗಿದೆಯೆಂದು ಘೋಷಿಸಿತು. ಆದರೆ ಆ ಸಂಖ್ಯೆಯ ತಪ್ಪನ್ನು ಅಲ್ಲಿಯೇ ಸಂಭಾಳಿಸುವ ಸಾಲುಗಳನ್ನು ಯಾರೂ ಬರೆದಿರಲಿಲ್ಲ, ಮತ್ತು ಅಂಥ ಘೋಷಣೆ ಬಂದರೆ ಕಂಪ್ಯೂಟರನ್ನೇ ನಿಲ್ಲಿಸಬೇಕೆಂದು ವ್ಯವಸ್ಥೆಯ ವಿನ್ಯಾಸವೇ ಹೇಳಿತ್ತಾದ್ದರಿಂದ ಅದು ಕೆಲಸ ನಿಲ್ಲಿಸಿತು. ಅದಕ್ಕೆ ಬದಲಿಯಾಗಿ ಇಟ್ಟಿದ್ದ ಇನ್ನೊಂದು ಕಂಪ್ಯೂಟರಿನಲ್ಲಿಯೂ ಅದೇ ಪ್ರೋಗ್ರಾಂ ಇದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತಿತ್ತು.

ಗಣಿತಜ್ಞ ಜಾಕ್-ಲೂಯಿ ಲಯನ್ಸ್ ಅವರ ನೇತೃತ್ವದ ತನಿಖಾ ಮಂಡಳಿ ಬರೆದ ವರದಿಯನ್ನು ಓದಿದರೆ ಯಾರನ್ನೂ ಸುಲಭವಾಗಿ ದೂರಲಾಗದು. ಕಂಪ್ಯೂಟರಿನ ಮೇಲಿನ ಭಾರ 80 ಪ್ರತಿಶತ ಮೀರಬಾರದೆಂಬ ಮಿತಿಯಿತ್ತು. ಹೀಗೆ ಉಕ್ಕುವ ಸಾಧ್ಯತೆಯಿದ್ದ ಏಳು ಸಂಖ್ಯೆಗಳನ್ನು ಗುರುತಿಸಿ, ಅವುಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು, ಉಳಿದ ಮೂರು ಎಂದಿಗೂ ಅಷ್ಟು ದೊಡ್ಡದಾಗಲಾರವೆಂದು ಯೋಚಿಸಿಯೇ ಬಿಟ್ಟಿದ್ದರು. ಏರಿಯಾನ್-4ರ ಹಾರಾಟದ ಮಟ್ಟಿಗೆ ಆ ಲೆಕ್ಕ ಸರಿಯಾಗಿಯೇ ಇತ್ತು. ಏರಿಯಾನ್-5 ಅದಕ್ಕಿಂತ ಬಹಳ ಬೇಗ ಅಡ್ಡವೇಗವನ್ನು ಪಡೆಯುತ್ತಿತ್ತು. ಇನ್ನೂ ವಿಷಾದದ ಸಂಗತಿಯೆಂದರೆ, ಆ ಲೆಕ್ಕವನ್ನು ಮಾಡುತ್ತಿದ್ದ ಭಾಗಕ್ಕೆ ಏರಿಯಾನ್-5ರಲ್ಲಿ ನೆಲ ಬಿಟ್ಟ ಮೇಲೆ ಯಾವ ಕೆಲಸವೂ ಇರಲಿಲ್ಲ. ಹಳೆಯ ರಾಕೆಟ್ಟಿನ ಅಗತ್ಯಕ್ಕಾಗಿ ಬರೆದದ್ದು ಹಾಗೆಯೇ ಮುಂದುವರಿದಿತ್ತು. ಮತ್ತು ಆ ಮೂರು ಸಂಖ್ಯೆಗಳನ್ನು ಏಕೆ ರಕ್ಷಿಸಿಲ್ಲವೆಂಬ ಕಾರಣ ಪ್ರೋಗ್ರಾಮಿನ ಬರಹದಲ್ಲಿ ಇರಲಿಲ್ಲ. ಒಂದು ನಿರ್ಧಾರದ ಕಾರಣ ಅಳಿಸಿಹೋಗಿ ನಿರ್ಧಾರ ಮಾತ್ರ ಉಳಿಯಿತು.

ರಸ್ಟ್ ಭಾಷೆಯಲ್ಲಿಯೂ ಕಂಪೈಲರಿನ ನಿಯಮವನ್ನು ಬದಿಗಿಡಲು ಅವಕಾಶವಿದೆ. ಯಂತ್ರದ ಹತ್ತಿರ ಕೆಲಸ ಮಾಡುವಾಗ ಅದು ಬೇಕಾಗುತ್ತದೆ. ಆದರೆ ಹಾಗೆ ಮಾಡುವ ಸಾಲುಗಳನ್ನು ‘ಅನ್‌ಸೇಫ್’ ಎಂಬ ಪದದಡಿ ಬರೆಯಲೇಬೇಕು. ಲಕ್ಷಾಂತರ ಸಾಲುಗಳ ನಡುವೆಯೂ ಆ ಪದವನ್ನು ಹುಡುಕಿ, ಇಲ್ಲೆಲ್ಲ ಮನುಷ್ಯನೇ ಹೊಣೆ ಹೊತ್ತಿದ್ದಾನೆಂದು ಪಟ್ಟಿ ಮಾಡಬಹುದು. 2022ರ ಡಿಸೆಂಬರಿನಲ್ಲಿ ಬಂದ 6.1 ಆವೃತ್ತಿಯಿಂದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೆ ರಸ್ಟ್‌ಗೆ ಜಾಗ ದೊರೆತಾಗ, ನನಗೆ ವೇಗಕ್ಕಿಂತ ಇದೇ ದೊಡ್ಡ ಸಂಗತಿಯಾಗಿ ಕಂಡಿತು.

ಇಷ್ಟರವರೆಗೆ ನಾನು ಹೇಳಿದ್ದು ಒಬ್ಬರು ಅಥವಾ ಒಂದು ತಂಡ ಬರೆದ ಪ್ರೋಗ್ರಾಮಿನ ಕಥೆ. ಇಂದು ಅಂಥ ಪ್ರೋಗ್ರಾಂಗಳು ಅಪರೂಪ. ನಾವು ನೂರು ಸಾಲು ಬರೆದರೆ ಅದರ ಹಿಂದೆ ಅಪರಿಚಿತರು ಬರೆದ ಲಕ್ಷ ಸಾಲುಗಳು ಪ್ಯಾಕೇಜುಗಳ ರೂಪದಲ್ಲಿ ಬಂದು ಕೂರುತ್ತವೆ. 2016ರ ಮಾರ್ಚ್ 22ರಂದು, ಒಂದು ಹೆಸರಿನ ಒಡೆತನದ ಜಗಳದಲ್ಲಿ ಬೇಸತ್ತ ಡೆವಲಪರೊಬ್ಬರು ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಭಂಡಾರದಿಂದ ತಮ್ಮ ಪ್ಯಾಕೇಜುಗಳನ್ನೆಲ್ಲ ಹಿಂತೆಗೆದುಕೊಂಡರು. ಅವುಗಳಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲಿನ ತುಣುಕೂ ಒಂದು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದಿಲ್ಲದೆ ಸಾವಿರಾರು ಯೋಜನೆಗಳ ಬಿಲ್ಡ್, ಎಂದರೆ ಬರಹದಿಂದ ಓಡುವ ಪ್ರೋಗ್ರಾಮನ್ನು ಕಟ್ಟುವ ಹಂತ, ಮುರಿದುಬಿತ್ತು. ಕೆಲವೇ ಗಂಟೆಗಳಲ್ಲಿ ಭಂಡಾರದವರು ತಾವೇ ಅದನ್ನು ಮರಳಿ ತಂದರು. ಇಷ್ಟು ಚಿಕ್ಕ ಕೆಲಸ ಭಾಷೆಯೊಳಗೇ ಇಲ್ಲದಿದ್ದುದು ಮೂಲ ಕಾರಣ, ಮುಂದಿನ ವರ್ಷವೇ ಜಾವಾಸ್ಕ್ರಿಪ್ಟ್‌ನ ಪ್ರಮಾಣಿತ ರೂಪಕ್ಕೆ ಅದು ಸೇರಿತು. ಭಾಷೆಯ ಸ್ವಂತ ಭಂಡಾರ ಬಡವಾಗಿದ್ದಷ್ಟೂ ಅದರ ಬಳಕೆದಾರರು ಅಪರಿಚಿತರ ಬಾಗಿಲಿಗೆ ಹೆಚ್ಚು ಹೋಗಬೇಕಾಗುತ್ತದೆ.

2021ರ ಡಿಸೆಂಬರಿನ ಲಾಗ್4ಶೆಲ್ ದೋಷ ನನ್ನ ವಾದಕ್ಕೆ ಒಂದು ಕಠಿಣ ಪರೀಕ್ಷೆ. ಲಾಗ್4ಜೆ ಎಂಬುದು ಪ್ರೋಗ್ರಾಮಿನಲ್ಲಿ ನಡೆದದ್ದನ್ನು ದಾಖಲಿಸಿಡುವ ಲೈಬ್ರರಿ, ಬರೆದದ್ದು ಜಾವಾದಲ್ಲಿ. ಮೆಮೊರಿಯ ದೋಷ ಅಲ್ಲಿ ಏನೂ ಇರಲಿಲ್ಲ. ದಾಖಲಿಸುವ ಸಾಲಿನಲ್ಲಿ ಒಂದು ವಿಶೇಷ ರೂಪದ ವಿಳಾಸ ಕಂಡರೆ ಆ ವಿಳಾಸಕ್ಕೆ ಹೋಗಿ ಮಾಹಿತಿ ತರುವ ಸೌಲಭ್ಯವನ್ನು ಯಾರೋ ಕೇಳಿದ್ದರು, ಯಾರೋ ಸೇರಿಸಿದ್ದರು. ಹೊರಗಿನವರು ಕಳಿಸಿದ ಪಠ್ಯವೂ ದಾಖಲೆಯಾಗುತ್ತದೆಯಲ್ಲ. ಹಾಗಾಗಿ ಚಾಟ್‌ನಲ್ಲಿ ಒಂದು ಸಾಲು ಟೈಪಿಸಿ ದೂರದ ಸರ್ವರಿನಲ್ಲಿ ತಮ್ಮ ಕೋಡನ್ನು ಓಡಿಸಲು ಸಾಧ್ಯವಾಯಿತು. ಕಂಪೈಲರ್ ಇದಕ್ಕೆ ಆಕ್ಷೇಪ ಎತ್ತಲಿಲ್ಲ, ಏಕೆಂದರೆ ಎಲ್ಲವೂ ಬರೆದಂತೆಯೇ ನಡೆಯುತ್ತಿತ್ತು.

2024ರ ಮಾರ್ಚಿನಲ್ಲಿ ಪತ್ತೆಯಾದ ಎಕ್ಸ್‌ಝಡ್ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದಿನದು. ಲಿನಕ್ಸ್ ವ್ಯವಸ್ಥೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಈ ಕಂಪ್ರೆಶನ್ (ಮಾಹಿತಿಯನ್ನು ಕಿರಿದಾಗಿಸುವ) ಲೈಬ್ರರಿಯನ್ನು ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನ ಹಿಂದಿದ್ದವರು ಎರಡು ವರ್ಷಕ್ಕೂ ಹೆಚ್ಚು ಕಾಲ ನಿಜವಾಗಿಯೂ ಉಪಯುಕ್ತವಾದ ತಿದ್ದುಪಡಿಗಳನ್ನು ಕಳಿಸಿ, ವಿಶ್ವಾಸ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಸೇರಿಸಿದರು. ಅದನ್ನು ಬಚ್ಚಿಟ್ಟದ್ದು ಪರೀಕ್ಷೆಗೆಂದು ಇಟ್ಟಿದ್ದ ಬೈನರಿ ಕಡತಗಳಲ್ಲಿ. ಹೊರತೆಗೆಯುತ್ತಿದ್ದುದು ಬಿಲ್ಡ್ ಸ್ಕ್ರಿಪ್ಟ್. ದೂರದ ಯಂತ್ರಕ್ಕೆ ಪ್ರವೇಶ ಕೊಡುವ ಓಪನ್‌ಎಸ್‌ಎಸ್‌ಎಚ್ ಈ ಲೈಬ್ರರಿಯನ್ನು ನೇರವಾಗಿ ಬಳಸುವುದೂ ಇಲ್ಲ. ಕೆಲವು ಲಿನಕ್ಸ್ ವಿತರಣೆಗಳು ಮಾಡಿಕೊಂಡ ಚಿಕ್ಕ ಮಾರ್ಪಾಡಿನಿಂದ ಮತ್ತೊಂದು ಲೈಬ್ರರಿ ಬಂತು, ಅದರ ಬೆನ್ನಿಗೆ ಇದು ಬಂತು. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾದುದು ಕಾಡದೇ ಹೋಗಿದ್ದರೆ, ಅದು ಕೋಟ್ಯಂತರ ಯಂತ್ರಗಳಿಗೆ ತಲುಪುವ ದಾರಿಯಲ್ಲಿತ್ತು. ಈ ಕಳ್ಳದಾರಿಯನ್ನು ಯಾವ ಭಾಷೆಯ ಯಾವ ಕಂಪೈಲರೂ ತಡೆಯುತ್ತಿರಲಿಲ್ಲ.

ಎಡಕ್ಕೆ ಖಾಲಿ ಜಾಗ ತುಂಬುವ ಫಂಕ್ಷನ್ನಿಗೆ ಇಂಟರ್ನೆಟ್ಟನ್ನು ಮುಟ್ಟುವ ಅಧಿಕಾರ ಏಕೆ ಬೇಕು? ದಾಖಲೆ ಬರೆಯುವ ಲೈಬ್ರರಿಗೆ ಹೊರಗಿನಿಂದ ಕೋಡ್ ತಂದು ಓಡಿಸುವ ಅಧಿಕಾರ ಏಕೆ ಬೇಕು? ಇಂದಿನ ಬಹುಪಾಲು ಭಾಷೆಗಳಲ್ಲಿ, ಒಂದು ಪ್ಯಾಕೇಜನ್ನು ಒಳಗೆ ಕರೆದರೆ ಇಡೀ ಪ್ರೋಗ್ರಾಮಿಗೆ ಇರುವ ಅಧಿಕಾರಗಳೆಲ್ಲ ಅದಕ್ಕೂ ದೊರೆಯುತ್ತವೆ. ಕೊಟ್ಟಷ್ಟೇ ಅಧಿಕಾರ ಇರಲಿ ಎಂಬ ವಿಚಾರವನ್ನು ಜಾಕ್ ಡೆನ್ನಿಸ್ ಮತ್ತು ಅರ್ಲ್ ವ್ಯಾನ್ ಹಾರ್ನ್ 1966ರಲ್ಲಿಯೇ ಮುಂದಿಟ್ಟಿದ್ದರು. ಡೀನೋ ಎಂಬ ಇತ್ತೀಚಿನ ಜಾವಾಸ್ಕ್ರಿಪ್ಟ್ ವೇದಿಕೆಯಲ್ಲಿ ಪ್ರೋಗ್ರಾಂ ಕಡತಗಳನ್ನಾಗಲಿ ನೆಟ್‌ವರ್ಕನ್ನಾಗಲಿ ಬಳಸಬೇಕಾದರೆ ಮೊದಲು ಅನುಮತಿ ಪಡೆಯಬೇಕು. ಆದರೆ ಆ ಅನುಮತಿ ಇಡೀ ಪ್ರೋಗ್ರಾಮಿಗೆ, ಒಂದೊಂದು ಪ್ಯಾಕೇಜಿಗಲ್ಲ. ಮುಂದಿನ ‘ಬೇಡ’ ಬರಬೇಕಾದುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ. ಎಕ್ಸ್‌ಝಡ್‌ನಂತೆ ಬಿಲ್ಡ್ ಹಂತದಲ್ಲಿಯೇ ನುಸುಳುವುದನ್ನು ಅದು ತಾನಾಗಿ ತಡೆಯಲಾರದಾದರೂ, ಒಳಗೆ ಬಂದವನು ಮಾಡಬಹುದಾದ ಹಾನಿಯನ್ನು ಅದು ಕುಗ್ಗಿಸುತ್ತದೆ.

ಬೆಂಗಳೂರಿನ ಮಟ್ಟಿಗೆ ಇದು ದೂರದ ಚರ್ಚೆಯಲ್ಲ. ಈ ನಗರದ ಸಾಫ್ಟ್‌ವೇರ್ ಉದ್ಯಮ 1990ರ ದಶಕದ ಕೊನೆಯಲ್ಲಿ ಬೆಳೆದ ಬಗೆಯಲ್ಲಿ, ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಹಳೆಯ ಕೋಬಾಲ್ ಪ್ರೋಗ್ರಾಂಗಳನ್ನು 2000ನೇ ಇಸವಿಗೆ ಮುನ್ನ ಓದಿ ತಿದ್ದುವ ಕೆಲಸಕ್ಕೆ ದೊಡ್ಡ ಪಾಲಿದೆ. ಬೇರೆಯವರು ಬರೆದದ್ದನ್ನು, ಬರೆದವರು ಸಿಗದಿದ್ದರೂ ಓದಿ ಅರ್ಥ ಮಾಡಿಕೊಳ್ಳುವ ವಿದ್ಯೆ ನಮ್ಮಲ್ಲಿ ಇದೆ. ಆದರೆ ಅದನ್ನು ನಾವು ಕೆಳದರ್ಜೆಯ ಕೆಲಸವೆಂದೇ ಬಗೆಯುತ್ತ ಬಂದಿದ್ದೇವೆ. ಹೊಸದನ್ನು ಬರೆಯುವವನಿಗೆ ಇರುವ ಮರ್ಯಾದೆ, ಬಡ್ತಿ, ಸಂಬಳ, ಓದಿ ತಿದ್ದುವವನಿಗೆ ಇಲ್ಲ. ಇದು ಅವಿವೇಕವೆಂದು ನಾನು ನೇರವಾಗಿಯೇ ಹೇಳುತ್ತೇನೆ.

ಕೃತಕ ಬುದ್ಧಿಮತ್ತೆಯ ಸಾಧನಗಳು ಕೋಡ್ ಬರೆಯತೊಡಗಿದ ಮೇಲೆ ಆ ಅವಿವೇಕ ಇನ್ನಷ್ಟು ದುಬಾರಿಯಾಗಿದೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಪರಿಚಯವಾದಂದಿನಿಂದ ಬರೆಯುವ ಶ್ರಮ ಇಳಿಯುತ್ತಲೇ ಬಂದಿದೆ, ಓದಬೇಕಾದ ರಾಶಿ ಮಾತ್ರ ಬೆಳೆದಿದೆ. ಈ ಸಾಧನಗಳು ಕೆಲವೊಮ್ಮೆ ಅಸ್ತಿತ್ವದಲ್ಲಿಯೇ ಇಲ್ಲದ ಪ್ಯಾಕೇಜಿನ ಹೆಸರನ್ನು ಆತ್ಮವಿಶ್ವಾಸದಿಂದ ಸೂಚಿಸುತ್ತವೆ; ಆ ಹೆಸರಿನಲ್ಲಿ ದುರುದ್ದೇಶದ ಪ್ಯಾಕೇಜೊಂದನ್ನು ಯಾರಾದರೂ ನೋಂದಾಯಿಸಿಟ್ಟರೆ ಅದನ್ನು ಕರೆಯುವ ಸಾಲು ಆಗಲೇ ನಮ್ಮ ಪ್ರೋಗ್ರಾಮಿನಲ್ಲಿ ಇರುತ್ತದೆ. ಇನ್ನೊಂದೆಡೆ, ಕಟ್ಟುನಿಟ್ಟಿನ ಭಾಷೆಗಳಿಗೆ ಇದರಿಂದ ಹೊಸ ಬೆಲೆ ಬಂದಿದೆ. ರಸ್ಟ್ ಕಂಪೈಲರಿನ ತಕರಾರಿನಿಂದ ಮನುಷ್ಯ ಬೇಸರಪಡುತ್ತಾನೆ. ಯಂತ್ರ ಬೇಸರಪಡದೆ ಮತ್ತೆ ಮತ್ತೆ ತಿದ್ದಿ ಬರೆಯುತ್ತದೆ. ಕಲಿಯಲು ಕಷ್ಟವೆಂಬ ಕಾರಣಕ್ಕೆ ನಾವು ದೂರವಿಟ್ಟ ಭಾಷೆಗಳನ್ನು ಹತ್ತು ವರ್ಷಗಳ ಹಿಂದಿನ ಲೆಕ್ಕದಲ್ಲಿಯೇ ಇನ್ನೂ ದೂರವಿಡುವುದು ಸರಿಯಲ್ಲ. ಕಂಪೈಲರ್ ಒಪ್ಪಿದ ಮೇಲೂ ಆ ಕೋಡ್ ಮಾಡುವುದು ನಾವು ಬಯಸಿದ ಕೆಲಸವನ್ನೇ ಹೌದೋ ಅಲ್ಲವೋ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದಕ್ಕೆ ಉತ್ತರಿಸಬೇಕಾದವರು ಸದ್ಯಕ್ಕೆ ರಿವ್ಯೂ ಮಾಡುವವರೇ, ಎಂದರೆ ಬರೆದ ಕೋಡನ್ನು ಓದಿ ಪರಿಶೀಲಿಸುವವರೇ. ಹಾಗಾಗಿ ತಂಡದ ಅತ್ಯಂತ ಅನುಭವಿಗಳನ್ನು, ದಿನದ ಕೊನೆಯ ಅವಸರದ ಹೊತ್ತಿನಲ್ಲಲ್ಲದೆ ಅವರ ಮುಖ್ಯ ಕೆಲಸವಾಗಿಯೇ, ರಿವ್ಯೂಗೆ ಕೂರಿಸಬೇಕೆಂದೂ, ಹೊಸ ಪ್ಯಾಕೇಜೊಂದನ್ನು ಸೇರಿಸುವ ಒಂದು ಸಾಲಿಗೆ ಸಾವಿರ ಸಾಲಿನ ಕೋಡಿಗೆ ಕೊಡುವಷ್ಟೇ ಸಮಯವನ್ನು ಅವರಿಗೆ ಕೊಡಬೇಕೆಂದೂ ತಂಡಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ.